ಕೇಳದೆ ಬರೆದ ಮಾತು

ಶೈಲಜಾಳ ವಿಧವಾ ವೇತನ ನಿಂತಿದೆ ಎಂಬ ಸುದ್ದಿಯನ್ನು ಮನೆಗೆ ತಂದವಳು ಅವಳ ಅತ್ತೆ ದೇವಕ್ಕ. ಅತ್ತೆಗೆ ವೃದ್ಧಾಪ್ಯ ವೇತನ, ಸೊಸೆಗೆ ವಿಧವಾ ವೇತನ. ಎರಡನ್ನೂ ಊರಿನವರು ಪಗಾರ ಎಂದೇ ಕರೆಯುತ್ತಿದ್ದರು. ಬ್ಯಾಂಕಿನ ಮಿಷನ್ ಹಿಡಿದು ಊರಿಗೆ ಬರುವ ಮಡಿವಾಳೆಪ್ಪ, ಪಂಚಾಯಿತಿ ಕಟ್ಟೆಯ ಮೇಲೆ ದೇವಕ್ಕನ ಹೆಬ್ಬೆರಳು ಒತ್ತಿಸಿಕೊಂಡು ಅವಳ ದುಡ್ಡು ಎಣಿಸಿಕೊಟ್ಟಿದ್ದ. ಸೊಸೆಯದು ಈ ಸಲವೂ ಬಂದಿಲ್ಲ ಎಂದಿದ್ದ.

ಶೈಲಜಾ ಯರಗಟ್ಟಿಯಿಂದ ಬಂದು ಚಪ್ಪಲಿ ಬಿಡುತ್ತಿದ್ದಂತೆಯೇ ದೇವಕ್ಕ ಒಳಗಿನಿಂದ ಕೂಗಿ ಹೇಳಿದಳು.

"ನಿನ್ನ ಪಗಾರ ಬಂದಿಲ್ಲಂತ. ಹೋದ ತಿಂಗಳದ್ದೂ ಇಲ್ಲ, ಈ ತಿಂಗಳದ್ದೂ ಇಲ್ಲ."

"ತಡಾ ಆಗಿರಬೇಕ್ರಿ ಅತ್ತಿ."

"ನಂದು ಬಂದೈತಲ್ಲ. ನಂದ ಒಂದು ಸರಕಾರ, ನಿಂದ ಒಂದು ಸರಕಾರ ಐತೇನ?"

ಕಟಕೋಳದಿಂದ ಒಳಗೆ ಹೋಗುವ ರಸ್ತೆಯಲ್ಲಿದ್ದ ಸಣ್ಣ ಊರು ಅದು. ಶೈಲಜಾಳ ಗಂಡ ಕಾಮಾಲೆಯಾಗಿ ತೀರಿಕೊಂಡು ಐದು ವರ್ಷಗಳಾಗಿದ್ದವು. ಮಗಳು ಮಾಲಾ ರಾಮದುರ್ಗದಲ್ಲಿ ಪಿಯುಸಿ ಓದುತ್ತಿದ್ದಳು. ಮೈದುನ ಸಚಿನ ಯರಗಟ್ಟಿಯ ದಲಾಲಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಅವನ ಹೆಂಡತಿ ರಾಜೇಶ್ವರಿ ಬಿ.ಎ. ಮುಗಿಸಿ ಬಂದವಳು. ಅಡುಗೆ ಮತ್ತು ಎಮ್ಮೆ ಅವಳ ಪಾಲಿಗೆ ಬಿದ್ದಿದ್ದವು. ಶೈಲಜಾ ಯರಗಟ್ಟಿಯಲ್ಲಿ ಭಾಗೀರಥಿ ಎಂಬವಳ ಹೊಲಿಗೆ ಅಂಗಡಿಗೆ ಹೋಗುತ್ತಿದ್ದಳು. ಲಗ್ನದ ಹಂಗಾಮಿನಲ್ಲಿ ಕೆಲಸ ಹೆಚ್ಚಾದರೆ ಭಾಗೀರಥಿಯ ಮನೆಯಲ್ಲಿಯೇ ಉಳಿಯುತ್ತಿದ್ದಳು. ಕೊನೆಯ ಬಸ್ಸು ತಪ್ಪಿದರೆ ಶಿವಲಿಂಗನ ಟೆಂಪೋದಲ್ಲಿ ಬರುತ್ತಿದ್ದಳು. ಹೊಲಿದ ಬಟ್ಟೆಯ ಗಂಟುಗಳನ್ನು ಸವದತ್ತಿಯ ಅಂಗಡಿಗಳಿಗೆ ಮುಟ್ಟಿಸುವವನು ಆತನೇ.

ಮರುದಿನ ಕೆಲಸಕ್ಕೆ ರಜೆ ಹಾಕಿ ಶೈಲಜಾ ತಾಲೂಕು ಕಚೇರಿಗೆ ಹೋದಳು. ಕಿಟಕಿಯ ಮುಂದೆ ಸಾಲು ಇತ್ತು. ಅವಳ ಪಾಳಿ ಬಂದಾಗ ಗುಮಾಸ್ತ ಆಧಾರ್ ನಂಬರು ಒತ್ತಿ, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಹೇಳಿದ.

"ಬಂದ್ ಆಗೇತ್ರಿ. ಮರುಮದುವೆ ಅಂತ ಐತಿ."

"ಯಾರ ಮರುಮದುವಿ?"

"ನಿಮ್ದ."

ಶೈಲಜಾಳಿಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಆಮೇಲೆ ಅವಳ ಬಾಯಿಂದ ಬಂದದ್ದು ಒಂದೇ ಮಾತು. "ಯಾರ ಸಂಗಟ?"

ಹಿಂದೆ ನಿಂತವರು ನಕ್ಕರು. ಗುಮಾಸ್ತನೂ ನಕ್ಕ. "ಅದನ್ನ ನಮಗ ಕೇಳಿದ್ರ ಹೆಂಗ್ರಿ? ನಿಮ್ಮ ಊರ ಲೆಕ್ಕಾ ನೋಡೂ ತಲಾಟಿ ವರದಿ ಕೊಟ್ಟಾರ, ಬಂದ್ ಆಗೇತಿ."

"ನಿಲ್ಲಸೂಕಿಂತ ಮೊದಲ ನನಗ ಒಂದ ಮಾತು ಕೇಳಬೇಕಾಗಿತ್ತಲ್ರಿ. ಒಂದು ನೋಟೀಸಾದ್ರೂ ಕಳಸಬೇಕಾಗಿತ್ತು."

"ಒಬ್ಬೊಬ್ಬರ್ನ ಕೇಳಕೋತ ಕುಂತ್ರ ನಮ್ಮ ಕೆಲಸಾ ಮುಗದಂಗ. ಹೊಸಾ ಅರ್ಜಿ ಕೊಡ್ರಿ. ಮದವಿ ಆಗಿಲ್ಲ ಅಂತ ಬಾಂಡ್ ಮ್ಯಾಲೆ ಬರಸ್ಕೊಂಡ ಬರ್ರಿ. ಸರೀರಿ, ಹಿಂದಿನವರು ಬರ್ಲಿ."

ಸಂಜೆ ಎಲ್ಲರೂ ಉಣ್ಣಲು ಕುಳಿತಾಗ ಶೈಲಜಾ ಇದನ್ನೆಲ್ಲ ಹೇಳಿದಳು. ಸಚಿನ ತಾಟಿನಿಂದ ತಲೆ ಎತ್ತಲಿಲ್ಲ. ರಾಜೇಶ್ವರಿ ಹೆಂಚಿನ ಮೇಲಿನ ರೊಟ್ಟಿ ತಿರುವುವುದನ್ನು ಮರೆತಳು. ಅದು ಕರಕಲಾಯಿತು.

"ಮರುಮದುವಿ ಅಂದ್ರ ಉಡಿಕಿ?" ಎಂದಳು ರಾಜೇಶ್ವರಿ. "ಯಾರ ಹೇಳಿರಬೇಕ್ರಿ ಅಕ್ಕಾ ಇದನ್ನ?"

"ಅದನ್ನ ನಾನೂ ಕೇಳಾಕ ಹತ್ತೇನಿ."

ದೇವಕ್ಕ ಅರ್ಧ ರೊಟ್ಟಿ ತಾಟಿನಲ್ಲಿಯೇ ಬಿಟ್ಟು ಎದ್ದಳು. "ಎಮ್ಮಿ ಹಗ್ಗಾ ಬಿಚ್ಚೇತಿ ಕಾಣತೈತಿ" ಎಂದು ಹಿತ್ತಲಿಗೆ ಹೋದಳು. ಎಮ್ಮೆ ಕಟ್ಟಿದ ಜಾಗದಲ್ಲಿಯೇ ಮಲಗಿತ್ತು.

ಸಚಿನ ಕೈ ತೊಳೆದ ಮೇಲೆ ಮಾತಾಡಿದ. "ವೈನಿ, ಹೊಸಾ ಅರ್ಜಿ ಕೊಟ್ಟಬಿಡ್ರಿ. ಒಂದ ಎರಡ ತಿಂಗಳದಾಗ ಚಾಲೂ ಆಗತೈತಿ. ಇದನ್ನ ದೊಡ್ಡದ ಮಾಡೂದ ಬ್ಯಾಡ. ನಾ ಯರಗಟ್ಟಿ ಪ್ಯಾಟ್ಯಾಗ ನಾಕ ಮಂದಿ ನಡಕ ಕುಂದರಾಂವ."

"ಹೊಸಾ ಅರ್ಜಿ ಕೊಟ್ರ ಹಳೇದು ಖರೆ ಅಂತ ಒಪ್ಪಿಕೊಂಡಂಗ ಆಗತೈತಿ. ನಾ ಏನ ಮಾಡೇನಂತ ಬಾಂಡ್ ಬರಸಲಿ?"

"ನೀವೇನೂ ಮಾಡಿಲ್ಲ. ನಾ ಅದನ್ನ ಅನ್ನಾಕ ಹತ್ತಿಲ್ಲ."

"ಹಂಗಾರ ಏನ ಅನ್ನಾಕ ಹತ್ತಿ?"

ಸಚಿನ ಮೊಬೈಲು ಹಿಡಿದು ಹೊರಗೆ ಹೋದ.

ಮಾತು ಊರಲ್ಲಿ ಉಳಿಯಲಿಲ್ಲ. ವಾರದೊಳಗೆ ಕಿತ್ತೂರಿನಿಂದ ಶೈಲಜಾಳ ಅಣ್ಣ ಬಸಯ್ಯ ಫೋನು ಮಾಡಿದ. ಹೆದ್ದಾರಿಯ ಪಕ್ಕದಲ್ಲಿ ಅವನ ಟೈರಿನ ಅಂಗಡಿ. ಲಾರಿಗಳ ಸದ್ದಿನ ನಡುವೆ ಅವನು ಕೂಗುತ್ತಿದ್ದ.

"ಏನಿದು ಶೈಲಾ, ಏನೇನೋ ಕೇಳಾಕ ಹತ್ತೇನಿ? ನಮ್ಮ ಮನಿತನಾ ಎಂಥಾದ್ದು, ನೀ ಏನ ಮಾಡಾಕ ಹತ್ತಿ? ಅಪ್ಪ ಇದ್ದಿದ್ರ ಏನ ಅಂತಿದ್ದ?"

"ಅಣ್ಣಾ, ನೀ ಏನ ಕೇಳೀದಿ, ಅದನ್ನ ಹೇಳು ಮೊದಲ."

"ನಾ ಬಾಯಿ ಬಿಟ್ಟು ಹೇಳಬೇಕಾ? ಆ ಹೊಲಿಗಿ ಕೆಲಸಾ ಬಿಡು. ಮನ್ಯಾಗ ಕುಂದರು."

"ಮನ್ಯಾಗ ಕುಂತ್ರ ಮಾಲಾನ ಕಾಲೇಜು ನೀ ನೋಡತೀ?"

ಬಸಯ್ಯ, ಗಿರಾಕಿ ಬಂದರು ಎಂದು ಹೇಳಿ ಫೋನಿಟ್ಟ.

ಶನಿವಾರ ಮಧ್ಯಾಹ್ನ ಕಾಲೇಜಿನಿಂದ ಬಂದ ಮಾಲಾ ಚೀಲ ಕೆಳಗಿಡಲೂ ಇಲ್ಲ. ಅಜ್ಜಿ ಶೇಂಗಾ ಒಡೆಯುತ್ತಿದ್ದಳು. ಕಾಕಿ ರಾಜೇಶ್ವರಿ ಕೊಡ ತೊಳೆಯುತ್ತಿದ್ದಳು. ಎಲ್ಲರ ಎದುರಿಗೇ ಮಾಲಾ ಕೇಳಿದಳು.

"ಅವ್ವಾ, ನೀ ಮದವಿ ಆಗಿಯೇನ?"

"ಏಯ್!" ಎಂದು ದೇವಕ್ಕ ಗದರಿದಳು. "ಅವ್ವನ್ನ ಹಿಂಗ ಕೇಳತಾರ?"

"ಸುಮ್ನಿರ್ರಿ ಅತ್ತಿ," ಎಂದಳು ಶೈಲಜಾ. ಮಗಳ ಮುಖ ಕೆಂಪಾಗಿತ್ತು. ಬಸ್ಸಿನಲ್ಲಿ ಯಾರೋ ಏನೋ ಅಂದಿದ್ದಾರೆ ಎಂಬುದು ಗೊತ್ತಾಗುತ್ತಿತ್ತು. "ಇಲ್ಲವಾ. ಆಗಿಲ್ಲ."

"ಖರೇನ?"

"ಖರೇನ. ಇಷ್ಟ ದಿವಸದಾಗ ನನ್ನ ಮಾರಿ ನೋಡಿ ಕೇಳಿದಾಕಿ ನೀ ಒಬ್ಬಾಕಿ. ಕುಂದರು, ಊಟಾ ಮಾಡು."

ಮಾಲಾ ಕುಳಿತಳು. ಪುಂಡಿಪಲ್ಲೆ ಹಚ್ಚಿಕೊಂಡು ಎರಡು ರೊಟ್ಟಿ ತಿಂದಳು. ಶೈಲಜಾ ಪಕ್ಕದಲ್ಲಿ ಕುಳಿತು ನೋಡುತ್ತಿದ್ದಳು. ಅವಳ ಮನಸ್ಸು ಮಾತ್ರ ಬೇರೆ ಕಡೆ ಓಡುತ್ತಿತ್ತು. ತಲಾಟಿಗೆ ಹೇಳಿದವರು ಹೊರಗಿನವರಲ್ಲ. ಅವಳು ಯಾವ ದಿನ ಯರಗಟ್ಟಿಯಲ್ಲಿ ಉಳಿಯುತ್ತಾಳೆ, ಯಾರ ಟೆಂಪೋದಲ್ಲಿ ಬರುತ್ತಾಳೆ ಎಂಬುದು ಹೊರಗಿನವರಿಗೇನು ಗೊತ್ತು? ಮನೆಯ ಕೆಲಸವೆಲ್ಲ ತನ್ನ ಮೇಲೆ ಬಿತ್ತು ಎಂದು ನಿತ್ಯ ಗೊಣಗುವವಳು ಯಾರು?

ಸೋಮವಾರ ಬೆಳಿಗ್ಗೆ ನಳದ ನೀರು ತಡವಾಗಿ ಬಂತು. ಇಬ್ಬರೂ ಕೊಡ ಹಿಡಿದು ನಿಂತಿದ್ದರು.

"ಅಕ್ಕಾ, ಇವತ್ತರ ನೀವು ನೀರ ತುಂಬ್ರಿ. ನನಗ ಹಿಂಡಿ ಕುಟ್ಟೂದೈತಿ," ಎಂದಳು ರಾಜೇಶ್ವರಿ.

"ನನಗ ಬಸ್ಸಿಗೆ ಹೊತ್ತಾಗತೈತಿ."

"ದಿನಾ ಹೊತ್ತ ಆಗತೈತಿ ನಿಮಗ."

"ಅದನ್ನೂ ತಲಾಟಿಗೆ ಹೇಳಿದಿಯೇನ?"

ರಾಜೇಶ್ವರಿ ಕೊಡವನ್ನು ಕೆಳಗಿಟ್ಟಳು. "ಏನಂದ್ರಿ?"

"ಮನಿ ಒಳಗಿನ ಮಾತು ಹೊರಗ ಹೋಗೇತಿ ಅಂದ್ರ ಮನಿಯವರ ಬಾಯಿಂದನ ಹೋಗಿರಬೇಕು."

"ನಾ ಹೇಳೇನಿ ಅಂತ ನಿಮಗ ಯಾರ ಹೇಳಿದ್ರು?"

"ಯಾರೂ ಹೇಳಬೇಕಾಗಿಲ್ಲ."

"ಹಂಗಾರ ನಿಮಗೂ ಆ ತಲಾಟಿಗೂ ಏನ ಫರಕ ಉಳೀತ್ರಿ?" ಎಂದಳು ರಾಜೇಶ್ವರಿ. "ನನಗೂ ಕೇಳಲಿಲ್ಲ. ನಿಮ್ಮಷ್ಟಕ್ಕ ನೀವು ತೀರ್ಪು ಕೊಟ್ರಿ."

ದೇವಕ್ಕ ಹೊಸ್ತಿಲಲ್ಲಿ ನಿಂತು ಎಲ್ಲವನ್ನೂ ಕೇಳಿದಳು. ಏನೋ ಹೇಳಲು ಬಾಯಿ ತೆರೆದು, "ನೀರ ಹೋಗ್ತಾವ, ತುಂಬ್ರಿ" ಎಂದಷ್ಟೇ ಹೇಳಿ ಒಳಗೆ ಹೋದಳು.

ಅಂದಿನಿಂದ ರಾಜೇಶ್ವರಿ ಎಲ್ಲರ ಅಡುಗೆ ಬಿಟ್ಟಳು. ತನಗೆ ಮತ್ತು ಗಂಡನಿಗೆ ಅನ್ನ ಬೇಯಿಸಿಕೊಂಡು ತಮ್ಮ ಕೋಣೆಯಲ್ಲಿ ಉಣ್ಣತೊಡಗಿದಳು. ಸಚಿನ ಎರಡೂ ಕಡೆ ಇಣುಕಿ ನೋಡಿ, ಕೊನೆಗೆ ಯರಗಟ್ಟಿಯ ಖಾನಾವಳಿಯಲ್ಲಿಯೇ ಊಟ ಮುಗಿಸಿಕೊಂಡು ಬರತೊಡಗಿದ. ದೇವಕ್ಕ ನುಚ್ಚು ಮಜ್ಜಿಗೆ ಕುಡಿದು ಮಲಗುತ್ತಿದ್ದಳು. ಸಾಕಾಯಿತೇ ಎಂದು ಯಾರಾದರೂ ಕೇಳಿದರೆ ಸಿಟ್ಟಾಗುತ್ತಿದ್ದಳು.

ಇತ್ತ ಯರಗಟ್ಟಿಯಲ್ಲಿ ಶೈಲಜಾ ಟೆಂಪೋ ಹತ್ತುವುದನ್ನು ನಿಲ್ಲಿಸಿದ್ದಳು. ಒಂದು ದಿನ ಶಿವಲಿಂಗ ಬಟ್ಟೆಯ ಗಂಟು ಒಯ್ಯಲು ಬಂದವನು ಅಂಗಡಿಯ ಬಾಗಿಲಲ್ಲಿ ನಿಂತ. ಹೆಂಡತಿ ತೀರಿದ ಮೇಲೆ ಅವನು ಒಬ್ಬನೇ ಇದ್ದ. ದೀಪಾವಳಿಯ ಹೊತ್ತಿಗೆ ಅವಳನ್ನು ನೇರವಾಗಿ, ಮರ್ಯಾದೆಯಿಂದ ಮದುವೆಯ ಮಾತು ಕೇಳಿದ್ದ. ಅವಳು ಹೌದು ಅಂದಿರಲಿಲ್ಲ, ಇಲ್ಲ ಎಂದೂ ಅಂದಿರಲಿಲ್ಲ.

"ನನ್ನಿಂದ ನಿಮಗ ತ್ರಾಸಾತು," ಎಂದ ಶಿವಲಿಂಗ. "ನಾ ಕೇಳಿದ್ದನ್ನ ಮರತ ಬಿಡ್ರಿ."

ಶೈಲಜಾ ಹೊಲಿಗೆ ನಿಲ್ಲಿಸಿದಳು. "ನೀವು ಕೇಳಿದ್ರಿ. ಅದರಾಗ ತಪ್ಪೇನೂ ಇಲ್ಲ. ಉತ್ತರಾ ನಾ ಕೊಡೂದೈತಿ. ತಲಾಟಿ ಯಾಕ ಕೊಡತಾನ?"

ಅವನು ಗಂಟು ಹೆಗಲಿಗೇರಿಸಿಕೊಂಡು ಹೋದ. ಅಂದು ಬಸ್ಸಿನಲ್ಲಿ ಕುಳಿತಾಗ ಶೈಲಜಾಳಿಗೆ ರಾಜೇಶ್ವರಿಯ ಮಾತು ಮತ್ತೆ ಮತ್ತೆ ನೆನಪಾಯಿತು. ಮನೆಗೆ ಬಂದು ನೋಡಿದರೆ ರಾಜೇಶ್ವರಿ ಪೆನ್ನು, ಬಿಳಿ ಹಾಳೆ ಹಿಡಿದು ಪಡಸಾಲೆಯಲ್ಲಿ ಕುಳಿತಿದ್ದಳು.

"ನಿಮ್ಮ ಮ್ಯಾಲಿನ ಪ್ರೀತಿಗೆ ಅಲ್ರಿ ಇದು," ಎಂದಳು ಮುಖ ತಿರುಗಿಸಿಕೊಂಡೇ. "ಯಾರ ಹೇಳ್ಯಾರ ಅನ್ನೂದು ಹೊರಗ ಬರಬೇಕು. ನನ್ನ ಮ್ಯಾಲಿನ ಮಾತು ಹೋಗಬೇಕು. ಬೈಲಹೊಂಗಲದಾಗ ತಾಲೂಕ ಕಚೇರಿಗಿಂತ ಮ್ಯಾಲಿನ ಎಸಿ ಸಾಹೇಬರಿಗೆ ಮೇಲ್ಮನವಿ ಕೊಡಾಕ ಬರತೈತಂತ. ನಮ್ಮ ಕಾಲೇಜಿನ ಗೆಳತಿಯೊಬ್ಬಾಕಿ ವಕೀಲಿ ಮಾಡತಾಳ, ಆಕಿಗೆ ಕೇಳಿದೆ. ಹೇಳ್ರಿ, ಬರೀತೇನಿ."

"ಕೋರ್ಟ ಕಚೇರಿ ಯಾಕ ಬೇಕು?" ದೇವಕ್ಕ ಅಡುಗೆಮನೆಯಿಂದ ಹೊರಬಂದಳು. "ಸಚಿನ ಹೇಳಿದಂಗ ಹೊಸಾ ಅರ್ಜಿ ಕೊಟ್ರ ಮುಗದ ಹೋಗತಿತ್ತು. ಯಾರ ಏನ ಅಂದ್ರು ಅಂತ ಕೆದಕಿ ಏನ ಮಾಡತೀರಿ?"

"ಅತ್ತಿ, ಚಾಡಿ ಹೇಳಿದಾಕಿ ಅಂತ ಅನಿಸಿಕೊಂಡಾಕಿ ನಾನು," ಎಂದಳು ರಾಜೇಶ್ವರಿ. "ನೀವಲ್ಲ."

ದೇವಕ್ಕ ಕಂಬಕ್ಕೆ ಒರಗಿ ಕುಳಿತಳು. ಶೈಲಜಾ ಹೇಳುತ್ತಾ ಹೋದಳು, ರಾಜೇಶ್ವರಿ ಬರೆಯುತ್ತಾ ಹೋದಳು. ನನಗೆ ನೋಟೀಸು ಕೊಟ್ಟಿಲ್ಲ. ನನ್ನನ್ನು ಕರೆದು ಕೇಳಿಲ್ಲ. ಯಾವ ಆಧಾರದ ಮೇಲೆ ನಿಲ್ಲಿಸಿದರು ಎಂದು ತಿಳಿಸಿಲ್ಲ. ಓದಿ ಹೇಳಿದಾಗ ಶೈಲಜಾಳಿಗೆ ಬೇರೆ ಯಾರದೋ ಕಥೆ ಕೇಳಿದಂತಾಯಿತು. ಸಹಿ ಮಾಡಿದಳು.

ವಿಚಾರಣೆಯ ತಾರೀಕು ಬರುವಷ್ಟರಲ್ಲಿ ಜೋಳದ ರಾಶಿ ಮುಗಿದಿತ್ತು. ಹೊರಡುವ ದಿನ ದೇವಕ್ಕ ಎಲ್ಲರಿಗಿಂತ ಮೊದಲು ಎದ್ದು, ಇಳಕಲ್ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು.

"ನೀವ್ಯಾಕ್ರಿ ಅತ್ತಿ? ಮೊಣಕಾಲ ನೋಯತಾವ, ಬಸ್ಸಿನ್ಯಾಗ ಕುಂದರಾಕ ಆಗೂದಿಲ್ಲ."

"ನಾನೂ ಬರತೇನಿ." ದೇವಕ್ಕ ಬಸ್ಸು ಹತ್ತಿಯೇ ಬಿಟ್ಟಳು. ದಾರಿಯುದ್ದಕ್ಕೂ ಸೆರಗಿನ ಅಂಚನ್ನು ಸುತ್ತುತ್ತಾ, ಬಿಚ್ಚುತ್ತಾ ಕುಳಿತಿದ್ದಳು. ರಾಜೇಶ್ವರಿ ಬುತ್ತಿ ಬಿಚ್ಚಿ ಕೊಟ್ಟ ರೊಟ್ಟಿಯನ್ನೂ ಮುಟ್ಟಲಿಲ್ಲ.

ಬೈಲಹೊಂಗಲದ ಕಚೇರಿಯ ಸಭಾಂಗಣದಲ್ಲಿ ಜಮೀನಿನ ತಂಟೆಯವರೇ ಹೆಚ್ಚು. ಇವರ ಹೆಸರು ಕೂಗುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಎತ್ತರದ ಖುರ್ಚಿಯಲ್ಲಿ ಕುಳಿತಿದ್ದ ಅಧಿಕಾರಿ ಹೆಣ್ಣುಮಗಳು. ಕಡತ ತಿರುವಿ, ಎದುರಿಗೆ ನಿಂತ ತಲಾಟಿಯನ್ನು ಕೇಳಿದರು.

"ಇವರಿಗೆ ನೋಟೀಸು ಕೊಟ್ಟಿದ್ದೀರಾ?"

"ಇಲ್ಲ ಮೇಡಂ. ಒಂದೇ ತಿಂಗಳಲ್ಲಿ ಎಲ್ಲಾ ಫಲಾನುಭವಿಗಳ ಪರಿಶೀಲನೆ ಮುಗಿಸಬೇಕಿತ್ತು."

"ಮರುಮದುವೆ ಅಂತ ಬರೆದಿದ್ದೀರಿ. ನೋಂದಣಿ ಪತ್ರ? ಪಂಚನಾಮೆ?"

"ಮನೆಗೆ ಹೋಗಿ ವಿಚಾರಿಸಿದ್ದೆ ಮೇಡಂ."

"ಯಾರನ್ನ?"

ತಲಾಟಿ ತಿರುಗಿ ನೋಡಿದ. ಮೂವರು ಹೆಂಗಸರಲ್ಲಿ ಅವನ ಕಣ್ಣು ದೇವಕ್ಕನ ಮೇಲೆ ನಿಂತಿತು. ಅವನು ಬಾಯಿ ತೆರೆಯುವ ಮೊದಲೇ ದೇವಕ್ಕ ಬೆಂಚು ಹಿಡಿದು ಎದ್ದಳು.

"ನನ್ನ ಕೇಳಿದ್ನ್ರಿ. ನಾನ ಹೇಳಿದಾಕಿ."

ರಾಜೇಶ್ವರಿ ಉಸಿರು ಬಿಟ್ಟದ್ದು ಕೇಳಿಸಿತು. ಶೈಲಜಾ ಅತ್ತೆಯ ಬೆನ್ನನ್ನೇ ನೋಡುತ್ತಿದ್ದಳು.

"ಅವತ್ತ ಇಬ್ಬರೂ ಸೊಸ್ತ್ಯಾರು ಮನ್ಯಾಗ ಇರಲಿಲ್ರಿ. ಸಣ್ಣಾಕಿ ತವರಿಗೆ ಹೋಗಿದ್ಲು, ಈಕಿ ಯರಗಟ್ಟ್ಯಾಗ ಉಳಕೊಂಡಿದ್ಲು. ನಾ ನೀರ ತರಬೇಕು, ಎಮ್ಮಿಗೆ ಮೇವ ಹಾಕಬೇಕು. ಮೊಣಕಾಲ ಹಿಡಕೊಂಡ ಬಾಗಲದಾಗ ಕುಂತಿದ್ದೆ. ಈ ಸಾಹೇಬ ಬಂದ. ಗಾಡಿ ಮ್ಯಾಲಿಂದ ಇಳೀಲೂ ಇಲ್ಲ. ನಿಮ್ಮ ಸೊಸಿ ಎಲ್ಲಿ ಅಂದ. ನನಗ ಸಿಟ್ಟ ಬಂದಿತ್ತು. ಆಕಿ ಇಲ್ಲೆಲ್ಲಿ ಇರತಾಳೋ ಯಪ್ಪಾ, ಯರಗಟ್ಟ್ಯಾಗ ಇನ್ನೊಂದು ಸಂಸಾರ ಹೂಡ್ಯಾಳ, ಅಲ್ಲೇ ಹೋಗಿ ಕೇಳು ಅಂದೆ."

ಸಭಾಂಗಣದಲ್ಲಿ ಕೆಲವರು ನಕ್ಕರು. ದೇವಕ್ಕ ಅವರ ಕಡೆ ತಿರುಗಿ ನೋಡಿದಳು. ನಗು ನಿಂತಿತು.

"ಅತ್ತಿ ಅನ್ನಾಕಿ ಸಿಟ್ಟಿನ್ಯಾಗ ಏನೇನೋ ಅಂತಾಳ್ರಿ. ನಾ ಸಣ್ಣಾಕಿಗೆ ನೀ ಮನಿ ಸುಡಾಕಿ ಅಂತ ದಿನಾ ಬೈತೇನಿ. ಹಂಗಂತ ಪೊಲೀಸರು ಬಂದು ಆಕೀನ್ನ ಹಿಡಕೊಂಡ ಹೋಗಬೇಕೇನ? ಮನಿ ಜಗಳಾನೆಲ್ಲ ಸರಕಾರ ಬರಕೋತಾ ಹೋದ್ರ ಯಾವ ಮನಿ ಉಳದೀತ್ರಿ? ಯರಗಟ್ಟಿ ಏನ ದೂರ ಇತ್ತೇನ? ಹೋಗಿ ಆಕೀನ್ನ ಕೇಳಬೇಕಾಗಿತ್ತು."

ಅಧಿಕಾರಿ ಶೈಲಜಾಳ ಕಡೆ ನೋಡಿದರು. "ನೀವು ಏನಾದರೂ ಹೇಳುವುದು ಇದೆಯೇ?"

ಶೈಲಜಾ ಬರುವಾಗ ಬಹಳ ಮಾತು ಸೇರಿಸಿಟ್ಟುಕೊಂಡಿದ್ದಳು. ಈಗ ಅವುಗಳಲ್ಲಿ ಅರ್ಧ ಮರೆತುಹೋಗಿದ್ದವು.

"ನಾ ಮದವಿ ಆಗಿಲ್ರಿ ಮೇಡಂ. ನಾಳೆ ಆಗಬಹುದು, ಆಗದನೂ ಇರಬಹುದು. ಮದವಿ ಆದ್ರ ನಾನ ಬಂದು ಪಗಾರ ಬ್ಯಾಡ ಅಂತ ಬರದ ಕೊಡತೇನಿ. ಅದು ನಾ ಹೇಳೂ ಮಾತು. ನನ್ನ ಮಾತನ್ನ ನನಗ ಕೇಳದ ಬರದ ಬಿಟ್ರಲ್ಲ, ಅದಕ್ಕ ಬಂದೇನಿ."

ಅಧಿಕಾರಿ ಪಕ್ಕದ ಶಿರಸ್ತೇದಾರರಿಗೆ ಬರೆಯಿಸಿದರು. ನೋಟೀಸು ನೀಡದೆ, ವಿಚಾರಣೆ ಮಾಡದೆ ಹೊರಡಿಸಿದ ಆದೇಶ ರದ್ದು. ನಿಲ್ಲಿಸಿದ ತಿಂಗಳಿಂದ ವೇತನ ಕೊಡತಕ್ಕದ್ದು. ಇನ್ನು ಮುಂದೆ ಸಂಬಂಧಿಸಿದವರ ಹೇಳಿಕೆ ಪಡೆಯದೆ ನಿಲ್ಲಿಸತಕ್ಕದ್ದಲ್ಲ. ಮುಂದಿನ ಹೆಸರು ಕೂಗಲಾಯಿತು. ಇಷ್ಟು ವಾರ ಮನೆಯನ್ನು ಕಲಕಿದ ಮಾತು ಅಷ್ಟರಲ್ಲಿಯೇ ಮುಗಿದುಹೋಗಿತ್ತು.

ಬಸ್ ನಿಲ್ದಾಣದಲ್ಲಿ ದೇವಕ್ಕ ದೂರದ ಬೆಂಚಿನಲ್ಲಿ ಒಬ್ಬಳೇ ಕುಳಿತಳು. ಶೈಲಜಾ ರಾಜೇಶ್ವರಿಯ ಪಕ್ಕದಲ್ಲಿ ನಿಂತಳು.

"ರಾಜಿ, ನಿನಗ ಅನ್ನಬಾರದ್ದ ಅಂದೆ."

"ಅಂದ್ರಿ."

"ತಪ್ಪಾತು."

"ಬರೇ ಬಾಯಿಲೆ ಅಂದ್ರ ನಡ್ಯೂದಿಲ್ರಿ ಅಕ್ಕಾ," ಎಂದಳು ರಾಜೇಶ್ವರಿ. "ಒಂದ ವಾರ ರೊಟ್ಟಿ ನೀವ ಬಡೀರಿ. ನೀರೂ ನೀವ ತರ್ರಿ."

ಶೈಲಜಾ ಒಪ್ಪಿಕೊಂಡಳು. ವಾರವೆಲ್ಲ ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು, ನೀರು ತುಂಬಿಟ್ಟು, ಆಮೇಲೆ ಬಸ್ಸಿಗೆ ಓಡಿದಳು. ಸಚಿನ ಮನೆಯ ಊಟಕ್ಕೆ ಮರಳಿದ. ತಿಂಗಳ ಕೊನೆಗೆ ಬಾಕಿ ಪಗಾರವೆಲ್ಲ ಒಟ್ಟಿಗೆ ಜಮೆಯಾದ ಸಂದೇಶ ಮಾಲಾಳ ಮೊಬೈಲಿಗೆ ಬಂತು. ಆದರೆ ಅತ್ತೆ ಸೊಸೆಯ ನಡುವೆ ಮಾತಿರಲಿಲ್ಲ. ಶೈಲಜಾ ತಾಟು ಇಡುತ್ತಿದ್ದಳು, ದೇವಕ್ಕ ಉಣ್ಣುತ್ತಿದ್ದಳು. ಪಲ್ಲೆಗೆ ಉಪ್ಪು ಕಡಿಮೆಯಾದರೂ ಅತ್ತೆ ಏನೂ ಅನ್ನುತ್ತಿರಲಿಲ್ಲ. ಬೈಗುಳವಿಲ್ಲದ ಮನೆಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ಒಂದು ದಿನ ಸಚಿನನೇ, "ಯವ್ವಾ, ಯಾರಿಗಾದ್ರೂ ಒಂದೀಟು ಬೈಯಿ" ಎಂದ. ಅವಳು ಅವನಿಗೂ ಬೈಯಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಶೈಲಜಾ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ದೇವಕ್ಕ ಬಂದು ಎದುರಿಗೆ ಕುಳಿತು ಇನ್ನೊಂದು ಮೊರ ಎಳೆದುಕೊಂಡಳು. ಸ್ವಲ್ಪ ಹೊತ್ತು ಇಬ್ಬರೂ ಹರಳು ಆರಿಸಿದರು.

"ಮೊದಲನ ದಿವಸಾನ ನನಗ ಗೊತ್ತಾಗಿತ್ತು," ಎಂದಳು ದೇವಕ್ಕ. "ನನ್ನ ಮಾತಿಂದನ ಆಗೇತಿ ಅಂತ. ಬಾಯಿ ಬರಲಿಲ್ಲ."

"ರಾಜಿಗೆ ನಾ ಬೈಯೂ ಮುಂದೂ ಬರಲಿಲ್ಲ."

"ಇಲ್ಲ."

ಶೈಲಜಾ ಮೊರ ಕೆಳಗಿಟ್ಟಳು. "ಅತ್ತಿ, ನಿಮ್ಮ ಮನಸಿನ್ಯಾಗ ಏನರ ಇದ್ರ ನನ್ನ ಕೇಳ್ರಿ. ನನ್ನ ಮಾರಿ ನೋಡಿ ಕೇಳ್ರಿ. ಬೈಯ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಮೊದಲ ಕೇಳ್ರಿ."

ದೇವಕ್ಕ ಹಿಡಿ ಜೋಳವನ್ನು ಕೈಯಲ್ಲಿ ಆಡಿಸುತ್ತಾ ಕುಳಿತಳು. ಆಮೇಲೆ ತಲೆ ಎತ್ತಿದಳು.

"ಆ ಟೆಂಪೋ ಶಿವಲಿಂಗ. ಅಂವಾ ಏನು ನಿನಗ?"

"ಅಂವಾ ನನ್ನ ಕೇಳ್ಯಾನ. ಮದವಿ ಆಗೂಣು ಅಂತ."

ದೇವಕ್ಕನ ಕೈ ನಿಂತಿತು. "ನೀ ಏನಂದಿ?"

"ಇನ್ನೂ ಏನೂ ಅಂದಿಲ್ರಿ. ಒಮ್ಮೊಮ್ಮಿ ಹೂಂ ಅನ್ನಬೇಕ ಅನಸತೈತಿ. ಒಮ್ಮೊಮ್ಮಿ ಮಾಲಾನ ಮಾರಿ ನೋಡಿದ್ರ ಬ್ಯಾಡ ಅನಸತೈತಿ."

ಇಂಥ ಉತ್ತರ ಬಂದೀತು ಎಂದು ದೇವಕ್ಕ ಎಣಿಸಿರಲಿಲ್ಲ. ಬೈಯಬೇಕೋ ಅಳಬೇಕೋ ತಿಳಿಯದೆ ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ಹಿತ್ತಲಲ್ಲಿ ರಾಜೇಶ್ವರಿ ಎಮ್ಮೆಯನ್ನು ಗದರಿಸುತ್ತಿದ್ದಳು.

"ಅಂವಗ ಅವ್ವ ಅದಾಳೇನ?"

"ಇಲ್ಲ. ಬಾಳ ವರ್ಷ ಆತಂತ ತೀರಿ."

"ಹಂಗಾರ ಅಲ್ಲಿ ನಿನಗ ಬೈಯಾಕ ಯಾರೂ ಇಲ್ಲ," ಎಂದಳು ದೇವಕ್ಕ.

ಶೈಲಜಾಳಿಗೆ ನಗು ಬಂತು, ಕಣ್ಣೂ ತುಂಬಿದವು. "ಏನ ಆದ್ರೂ ಗಟ್ಟಿ ಆದ ದಿವಸ ನಾನ ಹೇಳತೇನ್ರಿ."

ದೇವಕ್ಕ ಮೊರವನ್ನು ಮತ್ತೆ ಎತ್ತಿಕೊಂಡಳು.

"ಮೊದಲ ಮಾಲಾಗ ಹೇಳು," ಎಂದಳು. "ಆಮ್ಯಾಲೆ ನನಗ. ತಲಾಟಿಗೆ ಎಲ್ಲಾರಕಿಂತ ಕಡೀಕ."